ಕೇಳಿದವರಿಗೆ ನೀರು

ಮೊದಲು ಶಿವನನ್ನು ನೆನೆಯುತ್ತೇನೆ, ಆಮೇಲೆ ನಮ್ಮ ಊರನ್ನು. ಇಬ್ಬರಿಗೂ ವಿಳಾಸವಿಲ್ಲ, ಅದಕ್ಕೇ ಒಟ್ಟಿಗೆ ನೆನೆಯುವುದು ಸುಲಭ. ಊರಿಗೆ ದಿನಕ್ಕೆರಡು ಸಲ ಬಸ್ಸು ಬರುತ್ತದೆ, ವಾರಕ್ಕೊಮ್ಮೆ ಟಪಾಲು ಬರುತ್ತದೆ. ಆದರೆ ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಬಸಲಿಂಗಪ್ಪ ಮಾಸ್ತರರು ಎಷ್ಟು ಹುಡುಕಿದರೂ ಕೋಲಿನ ತುದಿ ಇಡಲು ಜಾಗ ಸಿಕ್ಕಿಲ್ಲ.

ನಮ್ಮಲ್ಲಿ ಕುಡಿಯುವುದನ್ನು ಸ್ಪ್ಯಾನಿಷ್ ಮಾತಿನಲ್ಲಿ ಕೇಳಬೇಕು. ತಾನೇ ಬಾಯಿಬಿಟ್ಟು ಕೇಳಬೇಕು, ಇನ್ನೊಬ್ಬರನ್ನು ಕೇಳಬೇಕು, ಅವರ ಕೈಯಿಂದಲೇ ತೆಗೆದುಕೊಳ್ಳಬೇಕು. ಕೇಳದೆ ಬಾಯಿಗೆ ಹಾಕಿಕೊಂಡದ್ದು ಗಂಟಲಿನ ಕೆಳಗೆ ಇಳಿಯುವುದಿಲ್ಲ, ತುಟಿಯಂಚಿನಿಂದ ಹಾಗೇ ಹೊರಗೆ ಹರಿದುಬರುತ್ತದೆ. ಗಡಿಕಲ್ಲು ದಾಟಿದರೆ ಈ ಕಟ್ಟಳೆ ಇಲ್ಲ. ಹೊಸಬರು ಬಸ್ಸಿನಲ್ಲಿದ್ದರೆ ಗಡಿಕಲ್ಲಿನ ಹತ್ತಿರ ಕಂಡಕ್ಟರ್ ಸೀಟಿ ಊದಿ, “ನೀರಿಗೆ ಆಗ್ವಾ ಅನ್ರಿ, ಹಾಲಿಗೆ ಲೆಚೆ, ಚಹಾಕ್ಕ ತೆ. ಕಡೀಕ ಪೋರ್ ಫವೋರ್ ಅಂತ ಹಚ್ರಿ, ಮರ್ಯಾದಿ ಇರತೈತಿ” ಎಂದು ಹೇಳಿಕೊಡುತ್ತಾನೆ. ಕೂಸಿಗೆ ಮೊದಲ ಹಲ್ಲು ಮೂಡುವತನಕ ತಾಯಿಯ ಹಾಲಿಗೆ ವಿನಾಯಿತಿ ಉಂಟು. ಹಲ್ಲು ಕಂಡ ದಿನ ಅಜ್ಜಿ ಅದರ ನಾಲಿಗೆಗೆ ಬೆಲ್ಲ ಮುಟ್ಟಿಸಿ, ಕಿವಿಯಲ್ಲಿ “ಆಗ್ವಾ, ಆಗ್ವಾ” ಎಂದು ಮೂರು ಸಲ ಉಸುರುತ್ತಾಳೆ. ಕೂಸು “ಆಬಾ” ಅಂದರೂ ನಡೆಯುತ್ತದೆ, ನೀರು ಅಷ್ಟೊಂದು ಕಟ್ಟುನಿಟ್ಟಿನದಲ್ಲ. ಗುಡಿಯಲ್ಲಿ ತೀರ್ಥಕ್ಕೆ ಅಂಗೈ ಒಡ್ಡಿದವರು “ಉನ್ ಪೊಕೊ ದೆ ಆಗ್ವಾ” ಎಂದು ಮೆಲ್ಲಗೆ ಅನ್ನುತ್ತಾರೆ, ಸ್ವಲ್ಪ ನೀರು ಅಂತ. ಮಜ್ಜಿಗೆಗೆ ಸ್ವೆರೊ, ಕಬ್ಬಿನ ಹಾಲಿಗೆ ಹೂಗೊ ದೆ ಕಾನ್ಯಾ, ಸಕ್ಕರೆ ಕಾಯಿಲೆ ಇದ್ದವರಿಗೆ ಸಿನ್ ಅಸೂಕಾರ್, ಸಕ್ಕರೆ ಬೇಡ ಅಂತ. ಸೆರೆ ಅಂಗಡಿಯಲ್ಲಿ ಕೂತವರಿಗೆ ಕಣ್ಣು ಕತ್ತಲಿಟ್ಟರೂ “ಓತ್ರಾ, ಓತ್ರಾ” ಅನ್ನುವುದು ಮರೆಯುವುದಿಲ್ಲ, ಇನ್ನೊಂದು, ಇನ್ನೊಂದು ಅಂತ. ಇಷ್ಟೇ ನಮ್ಮ ಸ್ಪ್ಯಾನಿಷ್. ಅದರಲ್ಲಿ ರೊಟ್ಟಿ ಕೇಳುವುದು ಹೇಗೆ ಎಂದು ನಮಗೆ ಯಾರಿಗೂ ಗೊತ್ತಿಲ್ಲ. ರೊಟ್ಟಿಯನ್ನು ಕನ್ನಡದಲ್ಲೇ ಕೇಳುತ್ತೇವೆ.

ಇನ್ನೊಂದು ರೂಢಿಯನ್ನೂ ಹೇಳಬೇಕು. ನಮ್ಮಲ್ಲಿ ಯಾರೂ ಯಾರನ್ನೂ “ನೀರು ಬೇಕೇನು? ಚಹಾ ಕುಡೀತೀರೇನು?” ಎಂದು ವಿಚಾರಿಸುವುದಿಲ್ಲ. ವಿಚಾರಿಸಿ ಕೊಟ್ಟದ್ದು ಇಳಿಯುವುದೇ ಇಲ್ಲವಲ್ಲ. ಬೀಗರು ಬಂದು ಪಡಸಾಲೆಯಲ್ಲಿ ಕೂತರೆ ಮನೆಯವರು ಎದುರಿಗೆ ಕೂತು ಮಳೆಬೆಳೆ ಮಾತಾಡುತ್ತಾರೆ, ಕೇಳಿದಾಗ ಏಳುತ್ತಾರೆ. ಹೀಗೆ ತಲೆತಲಾಂತರದಿಂದ ನಡೆದು, ಕೇಳದವರಿಗೆ ಬಾಯಾರಿಕೆ ಇಲ್ಲ ಎಂದೇ ನಾವು ನಂಬಿಬಿಟ್ಟಿದ್ದೇವೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಬರೇ ರೂಢಿ.

ನನ್ನ ಹೆಸರು ಅಡಿವೆಪ್ಪ. ಮಠದ ಅಗಸೆಬಾಗಿಲ ಪಕ್ಕದ ಅರವಟ್ಟಿಗೆ ನನ್ನದು. ನನ್ನದು ಅಂದರೆ ಮಠದ್ದು, ಸೇವೆ ನನ್ನದು. ಬೆಳಗಾದರೆ ಬಾವಿಯಿಂದ ಆರು ಕೊಡ ಸೇದಿ, ಮಣ್ಣಿನ ಹರವಿಗಳಿಗೆ ತುಂಬಿ, ಅವುಗಳ ಬಾಯಿಗೆ ಬಿಳಿ ಅರಿವೆ ಕಟ್ಟಿ ಕೂಡುತ್ತೇನೆ. ದಾರಿಹೋಕರು ಕೇಳುತ್ತಾರೆ, ಕೊಡುತ್ತೇನೆ. ದಾರಿಹೋಕರಿಗಿಂತ ಹೆಚ್ಚು ಬರುವವರು ಊರಿನ ಒಂಟಿ ಜನ. ನಮ್ಮಲ್ಲಿ ಒಬ್ಬರೇ ಇರುವವರ ಮನೆಯಲ್ಲಿ ಹಂಡೆ ತುಂಬ ನೀರಿದ್ದರೂ ಕುಡಿಯಲು ಒಂದು ಹನಿ ಇರುವುದಿಲ್ಲ. ಸ್ನಾನಕ್ಕಾಯಿತು, ಅಡಿಗೆಗಾಯಿತು, ಕುಡಿಯುವುದಕ್ಕೆ ಮಾತ್ರ ಚಪ್ಪಲಿ ಮೆಟ್ಟಿ ಹೊರಗೆ ಬರಬೇಕು. ನಿವೃತ್ತ ಪೋಸ್ಟ್‌ಮನ್ ಈರಸಂಗಪ್ಪ, ಹೊಲಿಗೆಯ ದ್ಯಾಮವ್ವ, ಕುಂಟ ಕಾಲಿನ ರಾಚೋಟಿ, ಹೀಗೆ ಒಂಬತ್ತು ಜನ. ಅವರವರ ಹೊತ್ತಿಗೆ ಬಂದು, ಕೇಳಿ, ಕುಡಿದು ಹೋಗುತ್ತಾರೆ. ಹತ್ತನೆಯವನು ನಾನು. ನನಗೆ ಮದುವೆಯಾಗಲಿಲ್ಲ. ಆರು ಕೊಡ ನೀರಿನ ನಡುವೆ ಕೂತಿದ್ದರೂ ಕುಡಿಯಬೇಕಾದರೆ ನಾನೂ ಯಾರನ್ನಾದರೂ ಕೇಳಬೇಕು.

ನಾನು ಕೇಳುತ್ತಿದ್ದದ್ದು ನೀಲಗಂಗವ್ವನನ್ನು. ಅರವಟ್ಟಿಗೆಯ ಎದುರಿಗೆ, ರಸ್ತೆಯಾಚೆ ಬೇವಿನ ಗಿಡದ ಕೆಳಗೆ ಅವಳ ಚಹಾದಂಗಡಿ, ಹಿಂದೆಯೇ ಒಂದು ಖೋಲಿ. ಗಂಡ ತೀರಿಕೊಂಡ ವರ್ಷ ಒಲೆ ಹೂಡಿದವಳು, ಮೂವತ್ತು ವರ್ಷ ಆರಿಸಲಿಲ್ಲ. ಬೆಳಗಿನ ಪೂಜೆ ಮುಗಿಸಿ ನಾನು ರಸ್ತೆ ದಾಟುತ್ತಿದ್ದೆ. “ಉನ್ ತೆ ಕೊನ್ ಲೆಚೆ, ಪೋರ್ ಫವೋರ್.” ಹಾಲು ಹಾಕಿದ ಒಂದು ಚಹಾ. ಅವಳು ಕೊಡುತ್ತಿದ್ದಳು. “ಗ್ರಾಸ್ಯಾಸ್” ಎಂದು, ಉಪಕಾರವಾಯಿತು ಅಂತ, ಲೋಟ ತಿರುಗಿ ಕೊಡುತ್ತಿದ್ದೆ. ಮಧ್ಯಾಹ್ನ ಅವಳು ರಸ್ತೆ ದಾಟಿ ಬರುತ್ತಿದ್ದಳು. “ಉನ್ ವಾಸೊ ದೆ ಆಗ್ವಾ ಫ್ರೀಯಾ.” ಒಂದು ಲೋಟ ತಣ್ಣನೆಯ ನೀರು. ನಾನು ಹರವಿಯ ಅಡಿಯಿಂದ ತೆಗೆದುಕೊಡುತ್ತಿದ್ದೆ, ಅಲ್ಲಿಯ ನೀರು ಹೆಚ್ಚು ತಂಪು. ಅವಳೂ “ಗ್ರಾಸ್ಯಾಸ್” ಅನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ನಮ್ಮ ನಡುವೆ ಇದಕ್ಕಿಂತ ಹೆಚ್ಚು ಮಾತು ನಡೆದಿಲ್ಲ. ನಾನು ಮಠದವನು, ಅವಳು ಗಂಡನಿಲ್ಲದವಳು, ರಸ್ತೆಗೆ ಎರಡೂ ಕಡೆ ಕಣ್ಣಿರುತ್ತವೆ. ಹಾಲುನೀರಿನ ಮಾತಿಗೆ ಮಾತ್ರ ಯಾರ ಆಕ್ಷೇಪವೂ ಇಲ್ಲ. ಅವಳನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ಎಂದು ತೀರ್ಮಾನಿಸುವ ಪ್ರಸಂಗವೇ ನನಗೆ ಬರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಒಲೆಯ ಹೊಗೆ ಕಾಣಲಿಲ್ಲ. ಕಟ್ಟಿಗೆ ಹಸಿಯಾಗಿರಬೇಕು ಎಂದುಕೊಂಡು ಕೂತೆ. ಬಸ್ಸು ಬಂತು, ಹೋಯಿತು. ದ್ಯಾಮವ್ವ ಬಂದು ನೀರು ಕುಡಿದು, “ಯಣ್ಣಾ, ನೀಲಗಂಗವ್ವನ ಅಂಗಡಿ ಯಾಕ ಬಂದ್ ಐತಿ? ಖೋಲಿ ಕದ ತೆರದದ, ಆಕಿ ಕಾಣವಲ್ಲಳು” ಅಂದಳು. ಆಗ ರಸ್ತೆ ದಾಟಿದೆ. ಖೋಲಿಯಲ್ಲಿ ಅವಳು ಹಾಸಿಗೆಯ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ತೆರೆದೇ ಇದ್ದವು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈ ಅವಳದಲ್ಲ ಎನ್ನುವ ಹಾಗೆ ಪಕ್ಕದಲ್ಲಿತ್ತು.

ಮಾಸ್ತರರು ಬಂದರು, ಅವಳನ್ನು ಹಾಸಿಗೆಗೆ ಎತ್ತಿಸಿ ವೈದ್ಯರನ್ನು ಕರೆತಂದರು. ಲಕ್ವಾ ಹೊಡೆದಿದೆ, ಜೀವಕ್ಕೆ ಈಗಲೇ ಅಂಜಿಕೆ ಇಲ್ಲ, ಆದರೆ ಹೊಟ್ಟೆಗೆ ನೀರು ಹೋಗುತ್ತಿರಬೇಕು ಎಂದರು ವೈದ್ಯರು. ನಮ್ಮೂರಿನಲ್ಲಿ ಸಲೈನ್ ಹಚ್ಚಿದರೂ ಬಾಟಲಿ ಸುಮ್ಮನೆ ತೂಗುತ್ತಿರುತ್ತದೆ, ಹನಿ ಬೀಳುವುದಿಲ್ಲ. ಅವಳೇ ಕೇಳಬೇಕು. ಅವಳ ನಾಲಿಗೆ ಹೊರಳುತ್ತಿಲ್ಲ. “ಆ... ಆ...” ಎಂದು ಉಸಿರು ಮಾತ್ರ ಬರುತ್ತಿತ್ತು. ದ್ಯಾಮವ್ವ ಚಮಚದಿಂದ ನೀರು ಬಿಟ್ಟು ನೋಡಿದಳು. ಅದು ಗಲ್ಲದ ಮೇಲೆ ಇಳಿದು ದಿಂಬಿಗೆ ಹೋಯಿತು.

ಇಂಥದ್ದಕ್ಕೆ ಊರಿನಲ್ಲಿ ಒಂದು ಪದ್ಧತಿ ಇದೆ, ಎಲ್ಲರಿಗೂ ಗೊತ್ತಿದೆ. ಹುಟ್ಟಾ ಮಾತು ಬಾರದ ಕೂಸುಗಳನ್ನು, ನಾಲಿಗೆ ಬಿದ್ದುಹೋದ ಮುದುಕರನ್ನು ಗಡಿಕಲ್ಲಿನ ಆಚೆ ಒಯ್ದು ಸಂಬಂಧಿಕರಲ್ಲಿ ಬಿಡುತ್ತಾರೆ. ಅಲ್ಲಿ ನೀರು ಎಲ್ಲರಿಗೂ ಇಳಿಯುತ್ತದೆ. ಹೋದವರು ಬರುವುದಿಲ್ಲ, ಬಂದು ಹೇಗೆ ಬದುಕಿಯಾರು? ಮಾಸ್ತರರು ಹೊರಗೆ ಬಂದು ನನ್ನ ಕಿವಿಯಲ್ಲಿ, “ಆಕಿ ತಂಗಿ ಮಗಳು ಇಂದುಮತಿ ಆಚೀ ಊರಾಗ ನರ್ಸ್ ಅದಾಳ. ಫೋನ್ ಮಾಡಲೇನು, ಅಡಿವೆಪ್ಪ?” ಎಂದರು.

ನಾನು ಬೇಡ ಅಂದೆ.

ಶಿವನ ಎದುರು ಸುಳ್ಳು ಹೇಳಲಾರೆ. “ಒಂದಿನ ನೋಡೂಣ್ರಿ ಮಾಸ್ತರ. ಮೂವತ್ತು ವರ್ಷದ ಮಾತು, ಎಲ್ಲಿ ಹೋಗತಾವು? ಸಂಜೀಗೆ ಆಕಿ ಬಾಯಿಲೆ ಆಗ್ವಾ ಅನಸ್ತೀನಿ” ಎಂದೆ. ಮಠದವನ ಮಾತು ಎಂದು ಅವರು ಒಪ್ಪಿದರು. ಊರಿಗೆ ನನ್ನ ಮೇಲೆ ಅಷ್ಟು ನಂಬಿಕೆ. ಅವಳು ಹೋದರೆ ನಾಳೆ ಬೆಳಿಗ್ಗೆ ನಾನು ಯಾರ ಒಲೆಯ ಮುಂದೆ ನಿಲ್ಲಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಹಾಸಿಗೆಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಜಪ ಮಾಡಿದ ಹಾಗೆ ಮಾಡಿದೆ. ಆಗ್ವಾ, ಆಗ್ವಾ, ಆಗ್ವಾ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತುಟಿಯ ಎಡ ಅಂಚು ಅಲುಗುತ್ತಿತ್ತು. ನಡುನಡುವೆ ಒದ್ದೆ ಅರಿವೆಯಿಂದ ತುಟಿ ಒರೆಸುತ್ತಿದ್ದೆ. ಸಂಜೆ ಮಾಸ್ತರರು ಬಂದರು, “ಇನ್ನಾ ಇಲ್ಲೇನು?” ಎಂದರು. “ಮುಂಜಾನಿತನಕ” ಎಂದೆ. ನಾನೂ ಅಂದು ಏನೂ ಕುಡಿದಿರಲಿಲ್ಲ. ದ್ಯಾಮವ್ವನನ್ನು ಕೇಳಬಹುದಿತ್ತು, ಮಾಸ್ತರರನ್ನು ಕೇಳಬಹುದಿತ್ತು. ಬಾಯಿ ಬರಲಿಲ್ಲ. ಅವಳು ಕುಡಿಯದೆ ನಾನು ಕುಡಿಯುವುದಿಲ್ಲ ಎಂಬುದು ಭಕ್ತಿ ಎಂದು ಆಗ ಅನ್ನಿಸಿತ್ತು. ಅದರಿಂದ ಅವಳ ನಾಲಿಗೆ ಏನೂ ಒದ್ದೆಯಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳ ತುಟಿ ಬಿರಿದಿತ್ತು. ಕಣ್ಣಿನ ನೀರೂ ಆರಿದ ಹಾಗಿತ್ತು. ನಾನು ಇನ್ನೂ ಆಗ್ವಾ ಅನ್ನುತ್ತಲೇ ಇದ್ದೆ. ಆಗ ಹೊರಗೆ ಟೆಂಪೋ ನಿಂತ ಸಪ್ಪಳವಾಯಿತು. ಸಂತೆಗೆ ಆಚೆಯ ಊರಿಗೆ ಹೋಗಿದ್ದ ನಮ್ಮೂರ ಟೆಂಪೋದ ದಸ್ತಗೀರ ಯಾರನ್ನೂ ಕೇಳದೆ ಇಂದುಮತಿಯನ್ನು ಕರೆದುಕೊಂಡು ಬಂದಿದ್ದ. ಮೂವತ್ತರ ಹೆಣ್ಣುಮಗಳು, ಹೆಗಲಿಗೆ ಚೀಲ. ಒಳಗೆ ಬಂದು ದೊಡ್ಡಮ್ಮನ ಕೈಯ ಚರ್ಮ ಚಿವುಟಿ ನೋಡಿದಳು. ಚಿವುಟಿದ ಚರ್ಮ ಹಾಗೇ ನಿಂತಿತು.

“ಯಾವಾಗಿಂದ ಹಿಂಗದಾಳ?”

“ನಿನ್ನೆ ಮುಂಜಾನಿಂದ.”

“ನಿನ್ನೆ ಮುಂಜಾನಿಂದ ಒಂದು ಹನಿ ಹೋಗಿಲ್ಲ, ಫೋನ್ ಮಾಡಾಕ ನಿಮಗ ಬರಲಿಲ್ಲ? ಏನ್ ಮಾಡಾಕತ್ತಿರಿ ಇಲ್ಲಿ ಕುಂತು?”

“ಕಲಿಸಾಕತ್ತಿದ್ದೆ ಯವ್ವಾ. ಒಂದು ಶಬ್ದ ಬಂದ್ರ ಸಾಕಿತ್ತು...”

“ಆಕಿ ನಿಮ್ಮ ಸಾಲಿ ಕಲಿಯಾಕ ಮಲಗ್ಯಾಳೇನ್ರಿ ಕಾಕಾ?” ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ನಾ ಸಣ್ಣಾಕಿದ್ದಾಗ ಸೂಟಿಗೆ ಇಲ್ಲಿ ಬರ್ತಿದ್ದೆ. ಈ ಊರಾಗ ಯಾರೂ ಒಮ್ಮೆರ ನೀರು ಬೇಕೇನವಾ ಅಂತ ಕೇಳಲಿಲ್ಲ. ದೊಡ್ಡವ್ವ ಒಬ್ಬಾಕಿ ಕೇಳ್ತಿದ್ಳು. ಕೇಳಿ, ಹೆಂಗ ಅನಬೇಕು ಅಂತ ಹೇಳಿಕೊಟ್ಟು, ಆಮ್ಯಾಲೆ ಕೊಡ್ತಿದ್ಳು.”

ಆಗ ನನಗೆ ಒಂದು ಮಧ್ಯಾಹ್ನ ನೆನಪಾಯಿತು. ಹತ್ತು ವರ್ಷದ ಹಿಂದಿನದು ಇರಬಹುದು, ಯುಗಾದಿ ಮುಗಿದಿತ್ತು. ನೀಲಗಂಗವ್ವ ಬಂದು ಒಂದು ಲೋಟದ ಬದಲು ಎರಡು ಲೋಟ ನೀರು ಕೇಳಿದಳು, ದೋಸ್ ವಾಸೊಸ್ ಎಂದು. ಕೊಟ್ಟೆ. ಒಂದನ್ನು ಕುಡಿದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ನನ್ನ ಎದುರಿಗೆ ನಿಂತಳು. ಬಹಳ ಹೊತ್ತು ನಿಂತಳು. ನನಗೆ ಬಾಯಾರಿಕೆ ಇತ್ತು, ಬಿಸಿಲು ಹಾಗಿತ್ತು. ಆದರೆ ಅವಳು ಯಾಕೆ ನಿಂತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ, ನಾನು ಕೇಳಲಿಲ್ಲ. ಕೊನೆಗೆ ಅವಳು ಆ ನೀರನ್ನು ಬೇವಿನ ಬುಡಕ್ಕೆ ಹಾಕಿ, ಲೋಟ ತಂದಿಟ್ಟು, ಒಲೆಯ ಹತ್ತಿರ ಹೋದಳು. ಆ ಲೋಟ ಖಾಲಿಯಾಗಿ ತಿರುಗಿ ಬಂತಲ್ಲ ಎಂದು ತೊಳೆದಿಟ್ಟೆ, ಅಷ್ಟೇ.

“ಎತ್ರಿ, ಎತ್ರಿ” ಎಂದ ದಸ್ತಗೀರ. ಅವನು ಮದುವೆಗೂ ಮಣ್ಣಿಗೂ ಚೇಷ್ಟೆ ಬಿಡದ ಮನುಷ್ಯ, ಅಂದು ಮಾತ್ರ ತಲೆ ತಗ್ಗಿಸಿಯೇ ಇದ್ದ. ಕಂಬಳಿಯಲ್ಲಿ ಅವಳನ್ನು ಎತ್ತಿ ಟೆಂಪೋದಲ್ಲಿ ಮಲಗಿಸಿದೆವು. ನಾನು ಅರವಟ್ಟಿಗೆಗೆ ಓಡಿ, ಹರವಿಯ ಅಡಿಯ ನೀರನ್ನು ಒಂದು ತಂಬಿಗೆ ತುಂಬಿಕೊಂಡು, ಲೋಟ ಹಿಡಿದು ಹಿಂದೆ ಹತ್ತಿದೆ. ಮಾಸ್ತರರು, ದ್ಯಾಮವ್ವ, ಈರಸಂಗಪ್ಪ ಎಲ್ಲ ರಸ್ತೆಯಲ್ಲಿ ನಿಂತಿದ್ದರು. ಈರಸಂಗಪ್ಪ ಟೊಪ್ಪಿಗೆ ತೆಗೆದ.

ಗಡಿಕಲ್ಲಿಗೆ ಎರಡು ಮೈಲಿ. ದಾರಿಯುದ್ದಕ್ಕೂ ಅವಳ ತಲೆ ಅಲುಗದ ಹಾಗೆ ಹಿಡಿದುಕೊಂಡಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳನ್ನು ಬರಿಗೈಯಿಂದ ಮುಟ್ಟಿದ್ದೆ. ಹಣೆ ಬೆಚ್ಚಗಿತ್ತು, ಒಣಗಿತ್ತು. ಕಲ್ಲು ದಾಟಿ ನಾಲ್ಕು ಮಾರು ಹೋದಮೇಲೆ ದಸ್ತಗೀರ ಗಾಡಿ ನಿಲ್ಲಿಸಿದ. “ಈಗ ಹಾಕ್ರಿ” ಎಂದಳು ಇಂದುಮತಿ, ದೊಡ್ಡಮ್ಮನ ತಲೆ ಎತ್ತಿ ಹಿಡಿದು. ನಾನು ಲೋಟವನ್ನು ತುಟಿಗೆ ಹಿಡಿದೆ. ಅವಳು ಏನೂ ಕೇಳಲಿಲ್ಲ. ಗಂಟಲು ಒಮ್ಮೆ ಏರಿ ಇಳಿಯಿತು. ನೀರು ಒಳಗೆ ಹೋಯಿತು. ಇಂದುಮತಿ “ಸಾವಕಾಶ, ಸಾವಕಾಶ” ಅನ್ನುತ್ತಿದ್ದಳು. ಗುಟುಕು ಗುಟುಕಾಗಿ ಒಂದು ಲೋಟ ಮುಗಿಯಿತು. ಲಿಂಗಕ್ಕೆ ದಿನಾ ನೀರೆರೆದವನು ನಾನು, ಲಿಂಗವೂ ಏನನ್ನೂ ಕೇಳುವುದಿಲ್ಲ. ಆದರೂ ಕೇಳದವರಿಗೆ ನೀರು ಕೊಡುವುದು ಹೀಗಿರುತ್ತದೆ ಎಂದು ಆ ದಿನದ ತನಕ ನನಗೆ ತಿಳಿದಿರಲಿಲ್ಲ.

ಅವಳ ಕಣ್ಣಿಗೆ ಜೀವ ಬಂತು. ಎಡಗೈಯಿಂದ ಲೋಟವನ್ನು ನನ್ನ ಕಡೆಗೆ ನೂಕಿದಳು. ಇನ್ನೂ ಬೇಕೇನೋ ಎಂದು ತುಂಬಿದೆ. ಮತ್ತೆ ನೂಕಿದಳು, ನನ್ನ ಎದೆಗೆ.

“ನಿಮಗ ಕುಡೀರಿ ಅನ್ನಾಕತ್ಯಾಳ ಕಾಕಾ” ಎಂದಳು ಇಂದುಮತಿ. “ನೀವೂ ಕುಡದಿಲ್ಲ ಅಂತ ಆಕಿಗೆ ಗೊತ್ತೈತಿ. ತುಟಿ ನೋಡ್ರಿ ನಿಮ್ಮವು.”

ಕುಡಿದೆ. ಯಾವ ಮಾತೂ ಆಡದೆ ಕುಡಿದೆ. ರೂಢಿ ಇಲ್ಲದ್ದಕ್ಕೆ ನೆತ್ತಿಗೇರಿತು, ಕೆಮ್ಮಿದೆ. ನೀಲಗಂಗವ್ವನ ಮುಖದ ಎಡಭಾಗ ನಕ್ಕಿತು.

ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿತು. ಇಲ್ಲಿ ಹಾಲುನೀರಿನ ಮಾತು ಬಿಟ್ಟು ಬೇರೆಯದನ್ನೂ ಹೇಳಬಹುದು, ಕಿವಿಗೊಡುವ ಊರಿನ ರಸ್ತೆಯೂ ಇಲ್ಲ. ಮೂವತ್ತು ವರ್ಷದ್ದು ಹೇಳುವುದಿತ್ತು. ಹುಡುಕಿದೆ, ಬಾಯಿಗೆ ಏನೂ ಸಿಗಲಿಲ್ಲ. “ನಿನ್ನ ಚಹಾ ಛಲೋ ಇರ್ತಿತ್ತು” ಎಂದೆ. ನೀನು ಎಂದೇ ಬಂತು. ಅವಳು ಕಣ್ಣು ಮುಚ್ಚಿ ತೆರೆದಳು. ಅಷ್ಟಕ್ಕೇ ನಮ್ಮ ಮಾತು ಮುಗಿಯಿತು.

“ನೀವೂ ಬರ್ರಿ ಕಾಕಾ” ಎಂದಳು ಇಂದುಮತಿ. ಸಿಟ್ಟು ಇಳಿದಿತ್ತು. “ಮನ್ಯಾಗ ಜಾಗ ಐತಿ. ಅಲ್ಲಿ ನಿಮಗ ಬೇಕಾದಾಗ ಎದ್ದು ಕುಡೀಬಹುದು.”

ನನಗೆ ಅರವಟ್ಟಿಗೆಯ ಉಳಿದ ಎಂಟು ಜನ ನೆನಪಾದರು. ನಾನು ಹೋದರೆ ಅವರು ಬೆಳಿಗ್ಗೆ ಎದ್ದು ಯಾರ ಮುಂದೆ ನಿಲ್ಲಬೇಕು? ಅದು ಸೇವೆಯ ಯೋಚನೆಯೋ, ಹೊಸ ಊರಿನ ಅಂಜಿಕೆಯೋ, ಶಿವನಿಗೇ ಗೊತ್ತು. ತಂಬಿಗೆಯನ್ನು ನೀಲಗಂಗವ್ವನ ಪಕ್ಕಕ್ಕಿಟ್ಟು ಇಳಿದೆ. ಟೆಂಪೋ ಹೋಯಿತು. ಧೂಳು ಕೂತಮೇಲೆ ಊರಿನ ಕಡೆಗೆ ನಡೆದೆ.

ಅಂದಿನಿಂದ ನನಗೊಂದು ಹೊಸ ರೂಢಿ ಬಿತ್ತು. ಬೆಳಿಗ್ಗೆ ಪೂಜೆಯ ನಂತರ ಒಂದು ಬಾಟಲಿ ನೀರು ಹಿಡಿದು ಗಡಿಕಲ್ಲಿಗೆ ನಡೆಯುತ್ತಿದ್ದೆ. ಕಲ್ಲು ದಾಟಿ, ಒಂದು ಪೊದೆಯ ನೆರಳಿನಲ್ಲಿ ಕೂತು, ನನ್ನ ಕೈಯಿಂದ ನಾನೇ ಕುಡಿಯುತ್ತಿದ್ದೆ. ಒಂಟೆಯ ಹಾಗೆ ಇಡೀ ದಿನಕ್ಕಾಗುವಷ್ಟು. ತಿರುಗಿ ಬಂದು ಸಂಜೆಯತನಕ ಕೊಡುತ್ತಿದ್ದೆ. ಊರಿನವರು ನೋಡಿದರು, ಆಡಿಕೊಂಡರು. “ಅಡಿವೆಪ್ಪ ಊರ ನೀರು ಬಿಟ್ಟಾನ” ಎಂದು ಕಟ್ಟೆಯ ಮೇಲೆ ನಕ್ಕರು. ಮಾಸ್ತರರು ಒಮ್ಮೆ ಬಂದು, “ನಮ್ಮ ಮನಿಗೆ ಬಂದು ಕೇಳಿದ್ರ ನಿನ್ನ ಗಂಟೇನು ಹೋಗತೈತಿ?” ಎಂದು ಬೈದರು. ಬರುತ್ತೇನೆ ಎಂದು ಹೋಗಲಿಲ್ಲ. ಯಾರನ್ನೂ ಕೇಳದೆ ಕುಡಿಯಬಹುದು ಎಂದು ಗೊತ್ತಾದಮೇಲೆ ಕೇಳಲು ನಾಚಿಕೆಯಾಗುತ್ತಿತ್ತು. ಪೊದೆಯ ನೆರಳಿನ ನೀರಿಗೆ ಮಾತ್ರ ರುಚಿ ಇರಲಿಲ್ಲ. ಕುಡಿದು ಮುಗಿಸಿದಮೇಲೆ ಗ್ರಾಸ್ಯಾಸ್ ಅನ್ನಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಏಳುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಸಂತೆಯ ದಿನ, ಹೊತ್ತು ಇಳಿಯುತ್ತಿದ್ದಾಗ, ದಸ್ತಗೀರ ಟೆಂಪೋವನ್ನು ಅರವಟ್ಟಿಗೆಯ ಮುಂದೆಯೇ ನಿಲ್ಲಿಸಿದ.

“ಕಾಕಾ, ನಿಮ್ಮ ನೀಲಗಂಗವ್ವಗ ಮಾತು ಬಂದಾವು!”

ನಾನು ಎದ್ದು ನಿಂತೆ. ಎದೆಯಲ್ಲಿ ಒಲೆ ಹೊತ್ತಿದ ಹಾಗಾಯಿತು. ಅವನಿಗೆ ಅದು ಕಂಡಿರಬೇಕು, ಕೂಡಲೇ ಕೈ ಅಡ್ಡ ಆಡಿಸಿದ.

“ಕೇಳ್ರಿಲ್ಲಿ ಪೂರಾ. ನೀರು ಅಂತಾಳ, ಚಹಾ ಅಂತಾಳ, ಹಾಲು ಅಂತಾಳ. ನಮ್ಮೂರವು ಮಾತ್ರ ಒಂದೂ ಬರವಲ್ವು. ಇಂದುಮತಿ ಎಷ್ಟು ನೆನಪ ಮಾಡಿಕೊಟ್ರೂ ಅದೇನು, ಯಾವ ಮಾತವು ಅಂತ ನಗತಾಳ. ಒರೆಸಿದಂಗ ಹೋಗ್ಯಾವು.”

ಹಾಗಾದರೆ ಅವಳು ಬರುವುದಿಲ್ಲ. ಬಂದರೂ ಕುಡಿಯಲಾರಳು. ನಾನು ಮತ್ತೆ ಕೂತೆ. ರಸ್ತೆಯಾಚೆ ಬೇವಿನ ಕೆಳಗೆ ಯಾರೋ ಸೈಕಲ್ ಒರಗಿಸಿದ್ದರು. ಅವಳು ಬದುಕಿದ್ದಾಳೆ, ಮಾತಾಡುತ್ತಾಳೆ, ನಗುತ್ತಾಳೆ. ಶಿವನನ್ನು ಬೇಡಿದ್ದು ಇದನ್ನೇ ಅಲ್ಲವೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಅಲ್ಲ, ಪೂರ್ತಿ ಇದನ್ನೇ ಅಲ್ಲ. ಆದರೂ ಕೈಮುಗಿದೆ.

“ಮತ್ತೇನರ ಅಂದ್ಳೇನು?”

“ಅಂದ್ಳು. ಅದಕ್ಕ ನಿಂತೀನಿ.” ದಸ್ತಗೀರ ಟೆಂಪೋದೊಳಗಿಂದ ಒಂದು ಥರ್ಮಾಸ್ ತೆಗೆದ. “ಇದನ್ನ ಇಂದುಮತಿ ಮಾಡಿಕೊಟ್ಟಾಳ, ಮುದುಕಿ ಪಕ್ಕದಾಗ ಕುಂತು ಶುಂಠಿ ಇಷ್ಟು ಹಾಕು, ಅಷ್ಟು ಕುದಸು ಅಂತ ಹೇಳಿ ಮಾಡಿಸ್ಯಾಳ. ನನಗ ಅಂದ್ಳು, ದಸ್ತಗೀರ, ಅಡಿವೆಪ್ಪಗ ಬಾಯಾರಿಕಿ ಆಗಿರತೈತಿ. ಅಂವ ಬಾಯಿಬಿಟ್ಟು ಕೇಳಾವಲ್ಲ. ಲೋಟಕ್ಕ ಹಾಕಿ, ಕೈಯಾಗ ಹಿಡಕೊಂಡು, ಅಂವ ಕೇಳೂಮಟಾ ನಿಂದ್ರು.”

ಅರವತ್ತೆರಡು ವರ್ಷದಲ್ಲಿ ನನ್ನ ಬಾಯಾರಿಕೆಯ ಬಗ್ಗೆ ಗಡಿಕಲ್ಲಿನ ಈಚೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಅದು. ನಾನು ನೆಲ ನೋಡುತ್ತ ಕೂತೆ. ದಸ್ತಗೀರ ಲೋಟಕ್ಕೆ ಸುರಿದ. ಶುಂಠಿಯ ವಾಸನೆ ಬಂತು. ನೀರಿಗೆ ಬಂದ ದ್ಯಾಮವ್ವ ಸ್ವಲ್ಪ ದೂರದಲ್ಲೇ ನಿಂತಳು.

“ಏನ್ ಕಾಕಾ, ಆಗೈತೋ ಇಲ್ಲೋ?” ಎಂದ ದಸ್ತಗೀರ. “ಇಲ್ಲ ಅಂದ್ರ ಹೇಳಿಬಿಡ್ರಿ, ನಾ ದ್ಯಾಮವ್ವನ್ನ ಕೇಳಿ ಕುಡದಬಿಡ್ತೀನಿ. ಕೈ ಸುಡಾಕತ್ತೈತಿ.”

ದ್ಯಾಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಗಂಟಲು ಒಣಗಿತ್ತು. ಬೆಳಿಗ್ಗೆ ಅಷ್ಟೊಂದು ಕುಡಿದು ಬಂದಿದ್ದರೂ ಒಣಗಿತ್ತು. ಬಹಳ ದಿನದಿಂದ ಒಣಗಿತ್ತು ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವನು ಕೈ ಬದಲಿಸುತ್ತ, ಊದಿಕೊಳ್ಳುತ್ತ, ಲೋಟ ಹಿಡಿದು ನಿಂತೇ ಇದ್ದ.

ಆಮೇಲೆ ತಲೆಯೆತ್ತಿ ಅವನನ್ನು ಕೇಳಿದೆ.